ಅಲ್ಲಿ ಕಾಯುವುದೋ, ಇಲ್ಲಿ ಕಾಯುವುದೋ

ಗಂಡ ಒಂದು ದೇಶದಲ್ಲಿ, ಹೆಂಡತಿ ಇನ್ನೊಂದರಲ್ಲಿ. ಇಬ್ಬರೂ ಒಂದೆಡೆ ಸೇರಲು ಕಾನೂನು ಹಲವು ದಾರಿ ತೋರಿಸುತ್ತದೆ. ಒಂದೊಂದು ದಾರಿಯ ಸುಂಕವೂ ಬೇರೆ.

ಒಂದೇ ಕಂಪನಿಯಲ್ಲಿ ಒಂದೇ ಸಂಬಳಕ್ಕೆ ದುಡಿಯುವ ಇಬ್ಬರು ಎಂಜಿನಿಯರುಗಳಿದ್ದಾರೆ ಎಂದಿಟ್ಟುಕೊಳ್ಳಿ. ಇಬ್ಬರೂ ಎಚ್‌-1ಬಿ ವೀಸಾದಲ್ಲಿ ಅಮೆರಿಕಕ್ಕೆ ಹೋದವರು. ಇಬ್ಬರ ಗ್ರೀನ್ ಕಾರ್ಡೂ ಮಾರ್ಚ್ ತಿಂಗಳಲ್ಲಿ ಕೈಸೇರುತ್ತದೆ. ಒಬ್ಬನ ಮದುವೆ ಫೆಬ್ರುವರಿಯಲ್ಲಿ ಹಾಸನದ ಛತ್ರವೊಂದರಲ್ಲಿ ಮುಗಿದಿದೆ, ಇನ್ನೊಬ್ಬನದು ಏಪ್ರಿಲ್‌ನಲ್ಲಿ ದಾವಣಗೆರೆಯಲ್ಲಿ ನಡೆಯಲಿದೆ. ಮೊದಲನೆಯವನ ಹೆಂಡತಿಗೆ ಗಂಡನ ಸರತಿಯೇ ತನ್ನ ಸರತಿ. ಆತನ ಗ್ರೀನ್ ಕಾರ್ಡ್ ಅರ್ಜಿಯ ಬೆನ್ನಿಗೇ ಅವಳದೂ ಸಾಗುತ್ತದೆ. ಎರಡನೆಯವನ ಹೆಂಡತಿಗೆ ಹೊಸ ಅರ್ಜಿ, ಹೊಸ ಸರತಿ. ಅವಳು ಸಾಲಿನ ಕೊನೆಗೆ ಹೋಗಿ ನಿಲ್ಲಬೇಕು.

ಅವಳು ಎಚ್‌-4ರಲ್ಲಿ ಹೋಗಬಹುದಲ್ಲ ಎಂದು ಮನೆಯವರು ಕೇಳುತ್ತಾರೆ. ಆಗುವುದಿಲ್ಲ. ಎಚ್‌-4 ಎನ್ನುವುದು ಎಚ್‌-1ಬಿ ನೌಕರರ ಸಂಗಾತಿಗೆ ಕೊಡುವ ವೀಸಾ. ಗ್ರೀನ್ ಕಾರ್ಡ್ ಸಿಕ್ಕವರು ಎಚ್‌-1ಬಿಯವರಾಗಿ ಉಳಿಯುವುದಿಲ್ಲ. ಹಾಗಾದರೆ ವಿಸಿಟರ್ ವೀಸಾ? ಗಂಡ ಅಲ್ಲಿನ ಕಾಯಂ ನಿವಾಸಿ ಎಂದು ತಿಳಿದೊಡನೆ ಸಂದರ್ಶನದ ಅಧಿಕಾರಿಗೆ ಅನುಮಾನ ಶುರುವಾಗುತ್ತದೆ: ಈಕೆ ಹೋದರೆ ವಾಪಸು ಬರುತ್ತಾಳೆಯೇ? ಬಂದೇ ಬರುತ್ತೇನೆಂದು ನಂಬಿಸುವ ಹೊಣೆಯನ್ನು ಅಲ್ಲಿನ ವಲಸೆ ಕಾಯ್ದೆಯ 214(ಬಿ) ಕಲಮು ಅರ್ಜಿದಾರರ ಮೇಲೆಯೇ ಹೊರಿಸಿದೆ. ಹೀಗಾಗಿ ಗಂಡನಿಗೆ ಕಾನೂನಿನಲ್ಲಿ ಬಡ್ತಿ ಸಿಕ್ಕಿದ ತಿಂಗಳೇ ಹೆಂಡತಿ ಬರುವ ದಾರಿ ಕಿರಿದಾಗುತ್ತದೆ.

ಪರದೇಶದಲ್ಲಿ ನೆಲೆ ನಿಂತವರನ್ನು ಮದುವೆಯಾದವರು ವಕೀಲರ ಬಳಿಯೂ ನೆಂಟರ ಬಳಿಯೂ ಮೊದಲು ಕೇಳುವುದು ಒಂದೇ ಮಾತು, "ಯಾವುದು ಬೇಗ ಆಗುತ್ತೆ?" ಕೇಳುವುದು ಸಹಜ. ಆದರೆ ಅದಕ್ಕೆ ಇವತ್ತು ಸಿಗುವ ಉತ್ತರ ಬರುವ ವರ್ಷಕ್ಕೆ ಹಳತಾಗಿರುತ್ತದೆ. ಅಷ್ಟು ಸುಲಭವಾಗಿ ಬದಲಾಗದ ಸಂಗತಿಗಳು ಬೇರೆ ಇವೆ. ಯಾವ ದಾರಿಯಲ್ಲಿ ಇಬ್ಬರೂ ದೂರದೂರವಿದ್ದು ಕಾಯಬೇಕು, ಯಾವುದರಲ್ಲಿ ಒಟ್ಟಿಗಿದ್ದು ಕೈಕಟ್ಟಿ ಕಾಯಬೇಕು. ಕಾಯುವಾಗ ದುಡಿಯಬಹುದೇ, ಊರಿಗೆ ಬಂದುಹೋಗಬಹುದೇ. ಅರ್ಜಿ ತಿರಸ್ಕಾರವಾದರೆ ಮೇಲ್ಮನವಿ ಇದೆಯೇ. ಕಾಯುವುದನ್ನೇ ತಪ್ಪಿಸುವ ದಾರಿ ಯಾವ ದೇಶದಲ್ಲೂ ಇಲ್ಲ. ಆ ಭಾರವನ್ನು ಯಾರು, ಯಾವ ರೂಪದಲ್ಲಿ ಹೊರುತ್ತಾರೆ ಎಂಬಷ್ಟರಲ್ಲೇ ದಂಪತಿಗೆ ಆಯ್ಕೆ.

ತೇಪೆ ಹಾಕಿದ ಕಾನೂನು

ಇಷ್ಟೊಂದು ದಾರಿಗಳನ್ನು ಯಾರೂ ಒಂದೇ ಸಲ ಕೂತು ಯೋಚಿಸಿ ಮಾಡಿದ್ದಲ್ಲ. ಅಮೆರಿಕದ 1917ರ ಕಾಯ್ದೆ ಏಷ್ಯಾದ ದೊಡ್ಡ ಭಾಗವನ್ನು ನಿಷೇಧಿತ ವಲಯವೆಂದು ಗೆರೆ ಎಳೆದು ಭಾರತೀಯರ ಪ್ರವೇಶವನ್ನೇ ನಿಲ್ಲಿಸಿತು. ಅಷ್ಟು ಹೊತ್ತಿಗೆ ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ದುಡಿಯುತ್ತಿದ್ದ ಪಂಜಾಬಿ ಗಂಡಸರಿಗೆ ಊರಿನಿಂದ ಹೆಂಡತಿಯರನ್ನು ಕರೆಸಿಕೊಳ್ಳುವ ದಾರಿ ಕಡಿದುಹೋಯಿತು. ಇಂಪೀರಿಯಲ್ ಕಣಿವೆಯಲ್ಲಿ ಅವರಲ್ಲಿ ಹಲವರು ಮೆಕ್ಸಿಕನ್ ಮೂಲದ ಹೆಂಗಸರನ್ನು ಮದುವೆಯಾಗಿ ಅಲ್ಲೇ ಸಂಸಾರ ಹೂಡಿದರು. 1946ರ ಲೂಸ್–ಸೆಲ್ಲರ್ ಕಾಯ್ದೆ ವರ್ಷಕ್ಕೆ 100 ಭಾರತೀಯರಿಗೆ ಬಾಗಿಲು ತೆರೆಯಿತು. 1965ರ ಹಾರ್ಟ್–ಸೆಲ್ಲರ್ ಕಾಯ್ದೆ ರಾಷ್ಟ್ರಮೂಲ ನೋಡಿ ಕೊಡುತ್ತಿದ್ದ ಕೋಟಾವನ್ನು ಕಿತ್ತುಹಾಕಿ ಕುಟುಂಬದ ನಂಟನ್ನು ಮುಂದಕ್ಕೆ ತಂದಿತು. ಅಮೆರಿಕದ ಪ್ರಜೆಯ ಗಂಡ ಅಥವಾ ಹೆಂಡತಿಗೆ ಇಂದಿಗೂ ವರ್ಷಕ್ಕಿಷ್ಟೇ ವೀಸಾ ಎಂಬ ಮಿತಿ ಇಲ್ಲ.

ಆಮೇಲಿನದೆಲ್ಲ ತೇಪೆ. 1970ರಲ್ಲಿ ನಿಶ್ಚಿತಾರ್ಥವಾದವರಿಗಾಗಿ ಕೆ ವೀಸಾ ಬಂತು. ಹುಸಿ ಮದುವೆಗಳ ಅನುಮಾನ ಬಲವಾದಾಗ, 1986ರ ಕಾಯ್ದೆ ಹೊಸ ದಂಪತಿಗೆ ಮೊದಲ 2 ವರ್ಷ ಷರತ್ತಿನ ಗ್ರೀನ್ ಕಾರ್ಡ್ ಎಂದು ವಿಧಿಸಿತು. 1996ರ ಕಾಯ್ದೆ ಕರೆಸಿಕೊಳ್ಳುವವರಿಂದ ಆದಾಯದ ಮುಚ್ಚಳಿಕೆ ಬರೆಸಿಕೊಳ್ಳುವುದನ್ನು ಬಿಗಿ ಮಾಡಿತು. ಅಕ್ರಮವಾಗಿ ಉಳಿದು ಹೊರಟವರು 3 ಅಥವಾ 10 ವರ್ಷ ಮರಳಿ ಬರದಂತೆ ತಡೆ ಹಾಕಿತು. ದೂರ ಉಳಿದ ದಂಪತಿಗಳ ಗೋಳು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಕಿವಿಗೆ ಬಿದ್ದ ಮೇಲೆ 2000ದ ಡಿಸೆಂಬರ್‌ನಲ್ಲಿ ಕೆ-3 ಮತ್ತು ವಿ ಎಂಬ ಎರಡು ಹೊಸ ವೀಸಾಗಳು ಹುಟ್ಟಿದವು. ವಿ ವೀಸಾ ಸಿಕ್ಕಿದ್ದು ಆ ತಿಂಗಳ 21ರೊಳಗೆ ಅರ್ಜಿ ಹಾಕಿದ್ದವರಿಗೆ ಮಾತ್ರ. ಕೆ-3 ಕಾನೂನಿನ ಪುಸ್ತಕದಲ್ಲಿ ಈಗಲೂ ಇದೆ. ಆದರೆ ಸಂಗಾತಿಯನ್ನು ಕರೆಸಿಕೊಳ್ಳುವ ಮೂಲ ಅರ್ಜಿಯಾದ ಐ-130 ರಾಷ್ಟ್ರೀಯ ವೀಸಾ ಕೇಂದ್ರ ತಲುಪಿದರೆ ಕೆ-3 ಕಡತವನ್ನು ಮುಚ್ಚಿಬಿಡುವ ಪದ್ಧತಿ 2010ರಿಂದ ಜಾರಿಗೆ ಬಂದು, ಅದು ಹೆಸರಿಗಷ್ಟೇ ಉಳಿಯಿತು.

ಮದುವೆಯಾಗಿ ಹೋಗುವುದೋ, ಹೋಗಿ ಮದುವೆಯಾಗುವುದೋ

ಸಂಗಾತಿ ಅಮೆರಿಕದ ಸಿಟಿಜನ್ ಆಗಿದ್ದರೆ ಮುಖ್ಯವಾಗಿ ಮೂರು ದಾರಿ. ಊರಿನಲ್ಲೇ ಮದುವೆಯಾಗಿ, ಐ-130 ಹಾಕಿಸಿ, ಮುಂಬೈನಲ್ಲಿ ಸಂದರ್ಶನ ಮುಗಿಸಿ ವಲಸೆ ವೀಸಾದಲ್ಲೇ ಹೋಗುವುದು ಒಂದು. ಮದುವೆ 2 ವರ್ಷಕ್ಕಿಂತ ಹೊಸದಾಗಿದ್ದರೆ ಈ ವೀಸಾಕ್ಕೆ ಸಿಆರ್‌-1 ಎಂದೂ, ಹಳೆಯದಾಗಿದ್ದರೆ ಐಆರ್‌-1 ಎಂದೂ ಹೆಸರು. ಮದುವೆಗೆ ಮೊದಲೇ ನಿಶ್ಚಿತಾರ್ಥದ ವೀಸಾ ಕೆ-1ರಲ್ಲಿ ಹೋಗಿ 90 ದಿನದೊಳಗೆ ಅಲ್ಲಿ ಮದುವೆಯಾಗಿ, ಆಮೇಲೆ ಗ್ರೀನ್ ಕಾರ್ಡಿಗೆ ಅರ್ಜಿ ಹಾಕುವುದು ಇನ್ನೊಂದು. ಬೇರೆ ಯಾವುದೋ ವೀಸಾದಲ್ಲಿ ಈಗಾಗಲೇ ಅಲ್ಲಿರುವವರು ಹೊರಗೆ ಬಾರದೆ ಅಲ್ಲಿಂದಲೇ ಗ್ರೀನ್ ಕಾರ್ಡ್ ಕೇಳುವುದು ಮೂರನೆಯದು.

ಮೊದಲೆರಡನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ. 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಶುಲ್ಕದ ಪಟ್ಟಿಯಲ್ಲಿ ಕೆ-1ರ ಮೊದಲ ಅರ್ಜಿಗೆ 675 ಡಾಲರ್, ವೀಸಾಕ್ಕೆ 265, ಅಲ್ಲಿಗೆ ಹೋದ ಮೇಲಿನ ಗ್ರೀನ್ ಕಾರ್ಡ್ ಅರ್ಜಿಗೆ 1,440, ಒಟ್ಟು 2,380. ಅದೇ ಪಟ್ಟಿಯಲ್ಲಿ ಆನ್‌ಲೈನ್ ಐ-130ಕ್ಕೆ 625. ಅದಕ್ಕೆ ವೀಸಾ ಶುಲ್ಕ 325, ಆದಾಯದ ಮುಚ್ಚಳಿಕೆಯ ಪರಿಶೀಲನೆಗೆ 120, ಕಾರ್ಡ್ ಮಾಡಿಕೊಡಲು 235 ಸೇರಿಸಿದರೆ 1,305. ಹತ್ತಿರದ ದಾರಿ ಎಂದು ಹೆಸರಾದ ಕೆ-1 ಒಂದು ಸಾವಿರ ಡಾಲರಿಗೂ ಮಿಕ್ಕಿ ದುಬಾರಿ. ಶುಲ್ಕ ಮುಂದೆ ಏರಬಹುದು, ಇಳಿಯಬಹುದು. ಆದರೆ ಕೆ-1ರಲ್ಲಿ ಹೋದವರು ಎರಡೆರಡು ದೊಡ್ಡ ಅರ್ಜಿ ಹಾಕಬೇಕಾದ್ದು ಈ ದಾರಿಯ ಸ್ವಭಾವದಲ್ಲೇ ಇದೆ.

ದುಡ್ಡಿಗಿಂತ ದೊಡ್ಡ ವ್ಯತ್ಯಾಸ ವಿಮಾನ ಇಳಿದ ಮೇಲೆ ಕಾಣುತ್ತದೆ. ವಲಸೆ ವೀಸಾದಲ್ಲಿ ಇಳಿದವರ ಪಾಸ್‌ಪೋರ್ಟಿನ ಮೇಲೆ ವಿಮಾನ ನಿಲ್ದಾಣದಲ್ಲಿ ಬೀಳುವ ಮುದ್ರೆಯೇ ಒಂದು ವರ್ಷದ ತಾತ್ಕಾಲಿಕ ಗ್ರೀನ್ ಕಾರ್ಡ್. ಮರುದಿನವೇ ಕೆಲಸಕ್ಕೆ ಸೇರಬಹುದು. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲ ಎಂದರೆ ಊರಿಗೆ ಬಂದು ಹೋಗಬಹುದು. ಕೆ-1ರಲ್ಲಿ ಇಳಿದವರಿಗೆ ಅದೇನೂ ಇಲ್ಲ. ಮದುವೆಯಾಗಿ, ಅರ್ಜಿ ಹಾಕಿ, ಕೆಲಸದ ಅನುಮತಿಯಾದ ಇಎಡಿಗೂ ಹೊರಗೆ ಹೋಗಿಬರುವ ಅನುಮತಿಯಾದ ಅಡ್ವಾನ್ಸ್ ಪೆರೋಲಿಗೂ ಕಾಯಬೇಕು. ಆ ಪೆರೋಲ್ ಇಲ್ಲದೆ ದೇಶ ಬಿಟ್ಟರೆ ಗ್ರೀನ್ ಕಾರ್ಡ್ ಅರ್ಜಿಯನ್ನೇ ಕೈಬಿಟ್ಟಂತೆ ಲೆಕ್ಕ. ಪೌರತ್ವಕ್ಕೆ ಬೇಕಾದ 3 ವರ್ಷದ ಎಣಿಕೆಯೂ ವಲಸೆ ವೀಸಾದವರಿಗೆ ಇಳಿದ ದಿನದಿಂದ, ಕೆ-1ರವರಿಗೆ ಗ್ರೀನ್ ಕಾರ್ಡ್ ಮಂಜೂರಾದ ದಿನದಿಂದ. ಕೆ-1 ದೂರವನ್ನು ಕೆಲವು ತಿಂಗಳು ಕಡಿಮೆ ಮಾಡಬಹುದು. ಬೆಂಗಳೂರಿನಲ್ಲಿ ಒಳ್ಳೆಯ ಕೆಲಸ ಬಿಟ್ಟು ಹೋದವರಿಗೆ ಆ ತಿಂಗಳುಗಳು ಪರದೇಶದ ಅಪಾರ್ಟ್‌ಮೆಂಟಿನಲ್ಲಿ ಸಂಬಳವಿಲ್ಲದೆ ಕೂತ ತಿಂಗಳುಗಳಾಗಿ ಮರಳಿ ಬರುತ್ತವೆ.

ನಮ್ಮ ಮದುವೆಗಳ ರೀತಿಗೆ ಕೆ-1 ಇನ್ನೊಂದು ಕಡೆಯಿಂದಲೂ ಒಗ್ಗುವುದಿಲ್ಲ. ಅರ್ಜಿ ಹಾಕುವ ಹಿಂದಿನ 2 ವರ್ಷದೊಳಗೆ ಗಂಡು ಹೆಣ್ಣು ಮುಖಾಮುಖಿ ಭೇಟಿಯಾಗಿರಬೇಕು, ಆದರೆ ಮದುವೆ ಆಗಿರಬಾರದು. ಇನ್ನೂರು ಮುನ್ನೂರು ಜನರ ಮುಂದೆ ಹಾರ ಬದಲಾಯಿಸಿ, ಉಂಗುರ ತೊಡಿಸಿ, ಪುರೋಹಿತರ ಮಂತ್ರದ ನಡುವೆ ತೆಗೆಸಿಕೊಂಡ ನಿಶ್ಚಿತಾರ್ಥದ ಫೋಟೊಗಳನ್ನು ಕಂಡ ಅಧಿಕಾರಿ ಇದು ಮದುವೆಯೇ ಅಲ್ಲವೇ ಎಂದು ತಡೆದರೆ ಕೆ-1 ಕೈತಪ್ಪುತ್ತದೆ. ತಾಳಿ ಕಟ್ಟಿಲ್ಲ, ನೋಂದಣಿಯಾಗಿಲ್ಲ ಎಂಬ ಕಾರಣಕ್ಕೆ ದಂಪತಿ ವೀಸಾವೂ ಸಿಗುವುದಿಲ್ಲ. ಇಂಥ ಪೇಚು ಭಾರತೀಯ ಅರ್ಜಿಗಳಲ್ಲಿ ಹೊಸದಲ್ಲ.

ಹಾಗೆಂದು ಕೆ-1 ಎಲ್ಲರಿಗೂ ಕೆಟ್ಟ ದಾರಿಯಲ್ಲ. ಸಲಿಂಗ ಮದುವೆಗೆ ಭಾರತದಲ್ಲಿ ಮಾನ್ಯತೆ ಇಲ್ಲ; ಅದನ್ನು ಕೊಡಲು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಒಪ್ಪಲಿಲ್ಲ. ಅಮೆರಿಕದ ಸರ್ಕಾರವಾದರೋ 2013ರ ವಿಂಡ್ಸರ್ ತೀರ್ಪಿನಿಂದಾಚೆಗೆ ಇಂಥ ದಂಪತಿಗೆ ಉಳಿದವರಷ್ಟೇ ಹಕ್ಕು ಕೊಡುತ್ತದೆ. ಊರಿನಲ್ಲಿ ಮದುವೆಯಾಗುವ ಅವಕಾಶವೇ ಇಲ್ಲದವರಿಗೆ ಇರುವುದು ಎರಡು ಹಾದಿ: ಮೂರನೆಯ ದೇಶದಲ್ಲಿ ಮದುವೆಯಾಗಿ ಐ-130 ಹಾಕುವುದು, ಇಲ್ಲವೇ ಕೆ-1. ಉಳಿದವರು ದುಬಾರಿಯೆಂದು ಬಿಡುವ ಬಾಗಿಲು ಅವರಿಗೆ ಮುಖ್ಯ ಬಾಗಿಲು.

ಒಳಗಿದ್ದು ಕೇಳುವ ಅಪಾಯ

ಮೂರನೆಯ ದಾರಿಯಲ್ಲಿ ಅಗಲಿಕೆಯೇ ಇಲ್ಲ. ಅದಕ್ಕೇ ಅದರ ಸೆಳೆತ ಹೆಚ್ಚು. ಎಫ್‌-1 ವಿದ್ಯಾರ್ಥಿಯೋ ಎಚ್‌-1ಬಿ ನೌಕರಳೋ ಅಮೆರಿಕದ ಪ್ರಜೆಯನ್ನು ಅಲ್ಲೇ ಮದುವೆಯಾದರೆ ಇದು ಸರಿಯಾದ ದಾರಿ. 1990ರ ಕಾಯ್ದೆ ಎಚ್‌-1ಬಿಯವರು ವಲಸೆಯ ಆಸೆ ಇಟ್ಟುಕೊಳ್ಳುವುದನ್ನು ತಪ್ಪೆಂದು ಎಣಿಸುವುದೂ ಇಲ್ಲ. ತೊಡಕು ಬರುವುದು ವಿಸಿಟರ್ ವೀಸಾದಲ್ಲಿ ಹೋಗಿ ಅಲ್ಲೇ ಉಳಿಯುವ ಉಪಾಯದಲ್ಲಿ. ಪ್ರಜೆಯ ಸಂಗಾತಿ ಅವಧಿ ಮೀರಿ ಉಳಿದಿದ್ದರೂ, ಸರಿಯಾಗಿ ತಪಾಸಣೆಯಾಗಿ ಒಳಬಂದಿದ್ದರೆ, ಕಾನೂನು ಅದನ್ನು ಮನ್ನಿಸುತ್ತದೆ. ಸುಳ್ಳನ್ನು ಮಾತ್ರ ಮನ್ನಿಸುವುದಿಲ್ಲ. ವಿಮಾನ ನಿಲ್ದಾಣದಲ್ಲಿ ಎರಡು ವಾರ ಸುತ್ತಾಡಿ ಹೋಗುತ್ತೇನೆ ಎಂದವರು ಮುಂದಿನ ತಿಂಗಳೇ ಗ್ರೀನ್ ಕಾರ್ಡ್ ಕೇಳಿದರೆ ಹೇಳಿಕೆಯ ಪ್ರಾಮಾಣಿಕತೆಯೇ ಪ್ರಶ್ನೆಗೆ ಬೀಳುತ್ತದೆ. ವಿದೇಶಾಂಗ ಇಲಾಖೆ 2017ರಲ್ಲಿ ತಂದ 90 ದಿನದ ಸೂತ್ರ ಹುಟ್ಟಿದ್ದು ಇದೇ ಅನುಮಾನದಿಂದ. ಸುಳ್ಳು ಹೇಳಿ ವೀಸಾ ಪಡೆದರೆಂದು ತೀರ್ಮಾನವಾದರೆ ಅದು ಜೀವನಪರ್ಯಂತದ ತಡೆಯಾಗಬಲ್ಲದು.

ಅರ್ಜಿ ಹಾಕಿದ ಮೇಲೆ ಇನ್ನೊಂದು ಕಟ್ಟುಪಾಡು. ಎಚ್‌-1ಬಿ, ಎಚ್‌-4ರಂಥ ಕೆಲವು ವೀಸಾದವರನ್ನು ಬಿಟ್ಟರೆ, ಅಡ್ವಾನ್ಸ್ ಪೆರೋಲ್ ಕೈಗೆ ಬರುವ ತನಕ ದೇಶ ಬಿಡುವಂತಿಲ್ಲ. ಊರಿನಲ್ಲಿ ತಂದೆಗೋ ತಾಯಿಗೋ ಕೊನೆಯ ಹೊತ್ತು ಬಂದರೆ ಹೋಗುವುದೇ, ಅರ್ಜಿ ಉಳಿಸಿಕೊಳ್ಳುವುದೇ ಎಂದು ಒಂದೇ ರಾತ್ರಿಯಲ್ಲಿ ತೀರ್ಮಾನಿಸಬೇಕಾದ ಮನೆಗಳಿವೆ. ಅಗಲಿಕೆ ತಪ್ಪಿತು ಎಂಬುದು ನಿಜ. ಆದರೆ ತಪ್ಪಿದ್ದು ಸಂಗಾತಿಯಿಂದಾಗುವ ಅಗಲಿಕೆ ಮಾತ್ರ. ಹೆತ್ತವರಿಂದಾಗುವ ಅಗಲಿಕೆ ಇನ್ನೂ ಬಿಗಿಯಾಗುತ್ತದೆ.

ಗ್ರೀನ್ ಕಾರ್ಡ್ ಗಂಡ, ಸಿಟಿಜನ್ ಗಂಡ

ಈಗ ದಾವಣಗೆರೆಯ ಮದುಮಗಳ ಸರತಿಗೆ ಬರೋಣ. ಗ್ರೀನ್ ಕಾರ್ಡ್ ಹೊಂದಿದವರ ಗಂಡ, ಹೆಂಡತಿ ಮತ್ತು 21 ವರ್ಷದೊಳಗಿನ ಅವಿವಾಹಿತ ಮಕ್ಕಳ ವರ್ಗಕ್ಕೆ ಎಫ್‌2ಎ ಎಂದು ಹೆಸರು. ಇಡೀ ಜಗತ್ತಿಗೆ ವರ್ಷಕ್ಕೆ ಸುಮಾರು 88 ಸಾವಿರ ವೀಸಾ. ನೌಕರಿಯ ಗ್ರೀನ್ ಕಾರ್ಡಿಗಾಗಿ ದಶಕಗಟ್ಟಲೆ ಕಾಯುವ ಭಾರತೀಯರಿಗೆ ಇಲ್ಲಿ ಒಂದು ಸಮಾಧಾನವಿದೆ: ಎಫ್‌2ಎಯ ಮುಕ್ಕಾಲು ಪಾಲಿಗೆ ದೇಶವಾರು ಮಿತಿ ಅನ್ವಯಿಸುವುದಿಲ್ಲ. ಹಾಗಾಗಿ ಭಾರತಕ್ಕೆಂದೇ ಬೇರೆ ಉದ್ದದ ಸಾಲು ಇಲ್ಲಿ ಬೆಳೆದಿಲ್ಲ.

ಆದರೂ ಈ ಸಾಲನ್ನು ನಂಬಿ ಲೆಕ್ಕ ಹಾಕುವಂತಿಲ್ಲ. 2019ರ ಜುಲೈನಿಂದ 2023ರ ಮಾರ್ಚ್‌ವರೆಗೆ ಎಫ್‌2ಎ ಕರೆಂಟ್ ಆಗಿತ್ತು, ಅಂದರೆ ಸಾಲೇ ಇರಲಿಲ್ಲ. 2023ರ ಏಪ್ರಿಲ್‌ನ ವೀಸಾ ಬುಲೆಟಿನ್ ಸರತಿಯ ದಿನಾಂಕವನ್ನು ಒಮ್ಮೆಗೇ 2020ರ ಸೆಪ್ಟೆಂಬರ್‌ಗೆ ಹಿಂದೆ ತಳ್ಳಿತು. ಮಾರ್ಚ್‌ನಲ್ಲಿ ಮದುವೆ ನಿಶ್ಚಯ ಮಾಡಿಕೊಂಡು ಬೇಸಿಗೆಯಲ್ಲಿ ಛತ್ರ ಹಿಡಿದವರ ಲೆಕ್ಕವೆಲ್ಲ ಒಂದು ಪ್ರಕಟಣೆಯಿಂದ ತಲೆಕೆಳಗಾಯಿತು. ಪ್ರಜೆಗೂ ಗ್ರೀನ್ ಕಾರ್ಡಿನವರಿಗೂ ನಡುವಿನ ಭೇದ ಕೊರೋನಾ ಕಾಲದಲ್ಲೂ ಎದ್ದು ಕಂಡಿತ್ತು. 2020ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಟ್ರಂಪ್ ಹೊರಡಿಸಿದ ಆದೇಶ ವಲಸೆ ವೀಸಾಗಳನ್ನು ತಡೆದಾಗ ಪ್ರಜೆಗಳ ಗಂಡ ಹೆಂಡಿರಿಗೆ ವಿನಾಯಿತಿ ಇತ್ತು, ಗ್ರೀನ್ ಕಾರ್ಡ್‌ನವರ ಸಂಗಾತಿಗಳಿಗೆ ಇರಲಿಲ್ಲ. ಅಧ್ಯಕ್ಷ ಬೈಡನ್ 2021ರ ಫೆಬ್ರುವರಿಯಲ್ಲಿ ರದ್ದು ಮಾಡುವ ತನಕ ಆ ಬಾಗಿಲು ಮುಚ್ಚಿಯೇ ಇತ್ತು.

ಇಲ್ಲಿಯ ಆಯ್ಕೆ ಹೆಚ್ಚಾಗಿ ಹೀಗಿರುತ್ತದೆ: ಈಗಲೇ ಎಫ್‌2ಎಯಲ್ಲಿ ಅರ್ಜಿ ಹಾಕುವುದೋ, ಗಂಡ ಸಿಟಿಜನ್ ಆಗುವ ತನಕ ಕಾಯುವುದೋ. ಜಾಣತನವೆಂದರೆ ಅರ್ಜಿ ಈಗಲೇ ಹಾಕಿ, ಜೊತೆಯಲ್ಲೇ ಪೌರತ್ವದ ದಾರಿಯನ್ನೂ ಹಿಡಿಯುವುದು. ಸಾಮಾನ್ಯವಾಗಿ ಗ್ರೀನ್ ಕಾರ್ಡ್ ಸಿಕ್ಕಿ 5 ವರ್ಷವಾದವರು, ಅದರಲ್ಲಿ ಕನಿಷ್ಠ 30 ತಿಂಗಳು ಅಲ್ಲೇ ಇದ್ದವರು, ಪ್ರಜೆಯಾಗಲು ಅರ್ಹರು. ಪ್ರಮಾಣವಚನವಾದ ದಿನ ಹೆಂಡತಿಯ ಹಳೆಯ ಅರ್ಜಿಯೇ ಮಿತಿಯಿಲ್ಲದ ವರ್ಗಕ್ಕೆ ಬದಲಾಗುತ್ತದೆ. ಆ ಸುದ್ದಿಯನ್ನು ಅರ್ಜಿ ಇರುವ ಕಚೇರಿಗೆ ಪುರಾವೆ ಸಮೇತ ತಿಳಿಸಬೇಕು. ಈ ಬದಲಾವಣೆಯಲ್ಲಿ ಹಲವರು ಎಡವುವ ಒಂದು ಕಲ್ಲಿದೆ. ಎಫ್‌2ಎಯಲ್ಲಿ ತಾಯಿಯ ಅರ್ಜಿಯೊಳಗೇ ಮಗುವೂ ಸೇರಿರುತ್ತದೆ, ಪ್ರಜೆಯ ಸಂಗಾತಿಯ ವರ್ಗದಲ್ಲಿ ಸೇರುವುದಿಲ್ಲ. ಪ್ರತಿ ಮಗುವಿಗೂ ಬೇರೆ ಐ-130 ಬೇಕು. ಇದು ತಿಳಿಯದೆ ತಾಯಿಗೆ ವೀಸಾ ಬಂದು ಮಗುವಿನದು ಬಾರದೆ ಹೋದರೆ ಕುಟುಂಬ ಇನ್ನೊಮ್ಮೆ ಒಡೆಯುತ್ತದೆ.

ಅಮೆರಿಕದಲ್ಲಿ ಗಂಡ, ಬೆಂಗಳೂರಿನಲ್ಲಿ ಹೆಂಡತಿ ಎಂದಾಕ್ಷಣ ವೀಸಾ ಸಿಗಲಿಲ್ಲವೆಂದೇ ಅರ್ಥವಲ್ಲ. ಗಂಡ ಎಚ್‌-1ಬಿಯಲ್ಲಿದ್ದು ಎಚ್‌-4 ಸುಲಭವಾಗಿ ಸಿಗುವಂತಿದ್ದರೂ ಹೋಗದೆ ಉಳಿದವರಿದ್ದಾರೆ. ಎಚ್‌-4ರವರಿಗೆ ದುಡಿಯುವ ಅವಕಾಶ ಸಿಕ್ಕಿದ್ದೇ 2015ರ ಮೇ ತಿಂಗಳಿಂದ. ಅದೂ ಬಹುಮಟ್ಟಿಗೆ ಸಂಗಾತಿಯ ಗ್ರೀನ್ ಕಾರ್ಡ್ ಪ್ರಕ್ರಿಯೆ ಒಂದು ಹಂತ ದಾಟಿದ್ದರೆ ಮಾತ್ರ. ಆ ಹಂತ ಬರುವ ತನಕ ವೈಟ್‌ಫೀಲ್ಡಿನ ಟೀಮ್ ಲೀಡ್ ಕೆಲಸ ಬಿಟ್ಟು ಹೋಗಬೇಕೇ ಎಂಬುದೂ ದಾರಿಯ ಆಯ್ಕೆಯೇ. ಗಂಡು ಹೆಣ್ಣು ಅದಲುಬದಲಾದರೂ ಲೆಕ್ಕ ಬದಲಾಗುವುದಿಲ್ಲ. ಹೆಂಡತಿ ಅಲ್ಲಿ ದುಡಿಯುತ್ತ ಗಂಡ ಇಲ್ಲಿ ಕಾಯುವ ಮನೆಗಳೂ ಈಗ ಕಡಿಮೆಯಿಲ್ಲ.

ಕೆನಡಾದಲ್ಲಿ ಒಳದಾರಿ, ಹೊರದಾರಿ

ಕೆನಡಾದಲ್ಲಿ ಇದೇ ಆಯ್ಕೆಗೆ ಇನ್ನೂ ಸ್ಪಷ್ಟವಾದ ಎರಡು ಹೆಸರುಗಳಿವೆ: ಇನ್‌ಲ್ಯಾಂಡ್ ಮತ್ತು ಔಟ್‌ಲ್ಯಾಂಡ್. 2002ರಲ್ಲಿ ಜಾರಿಗೆ ಬಂದ ವಲಸೆ ಕಾಯ್ದೆಯಡಿ, ಕೆನಡಾದೊಳಗೆ ಸ್ಪಾನ್ಸರ್ (ಕರೆಸಿಕೊಳ್ಳುವವರು) ಜೊತೆ ಒಂದೇ ಮನೆಯಲ್ಲಿ ಬಾಳುವ ಸಂಗಾತಿಗೆ ಒಂದು ವರ್ಗ, ಹೊರಗಿನಿಂದ ಬರುವವರಿಗೆ ಇನ್ನೊಂದು. ಇನ್‌ಲ್ಯಾಂಡ್‌ನಲ್ಲಿ ಒಟ್ಟಿಗಿರುವುದೇ ಷರತ್ತು. ಮಧ್ಯೆ ಊರಿಗೆ ಬಂದು, ಗಡಿಯಲ್ಲಿ ಮರಳಿ ಬಿಡದೆ ಹೋದರೆ ಅರ್ಜಿಯ ಆಧಾರವೇ ಕುಸಿಯುತ್ತದೆ. ಔಟ್‌ಲ್ಯಾಂಡ್ ಅರ್ಜಿದಾರರಿಗೆ ಆ ಭಯವಿಲ್ಲ. ತಿರಸ್ಕಾರವಾದರೆ ಸ್ಪಾನ್ಸರ್ ವಲಸೆ ಮೇಲ್ಮನವಿ ವಿಭಾಗಕ್ಕೆ ಹೋಗಬಹುದು. ಇನ್‌ಲ್ಯಾಂಡ್‌ನವರಿಗೆ ಆ ಮೇಲ್ಮನವಿ ಇಲ್ಲ, ಫೆಡರಲ್ ನ್ಯಾಯಾಲಯದಲ್ಲಿ ಮರುಪರಿಶೀಲನೆ ಕೋರುವುದೊಂದೇ ಉಳಿದ ದಾರಿ.

ಹಿಂದೆ ಜನ ಇನ್‌ಲ್ಯಾಂಡ್ ಆರಿಸುತ್ತಿದ್ದ ದೊಡ್ಡ ಕಾರಣ ಕೆಲಸದ ಪರವಾನಗಿ. 2014ರ ಕೊನೆಯಲ್ಲಿ ಇನ್‌ಲ್ಯಾಂಡ್ ಅರ್ಜಿದಾರರಿಗೆ ಬೇಗನೆ ಓಪನ್ ವರ್ಕ್ ಪರ್ಮಿಟ್ ಕೊಡುವ ಯೋಜನೆ ಶುರುವಾಯಿತು. 2023ರ ಮೇ ತಿಂಗಳಲ್ಲಿ ಸರ್ಕಾರ ಈ ಸೌಲಭ್ಯವನ್ನು ಕೆನಡಾದಲ್ಲಿ ಸ್ಪಾನ್ಸರ್ ಜೊತೆಗಿರುವ ಔಟ್‌ಲ್ಯಾಂಡ್ ಅರ್ಜಿದಾರರಿಗೂ ಕೊಟ್ಟು, ದಂಪತಿಗಳ ವಿಸಿಟರ್ ವೀಸಾಗಳನ್ನೂ ಚುರುಕುಗೊಳಿಸುವುದಾಗಿ ಹೇಳಿತು. ಭೇಟಿಗೆಂದು ಬರುವವರು ಕಾಯಂ ನೆಲೆಸುವ ಆಸೆಯನ್ನೂ ಇಟ್ಟುಕೊಂಡಿರಬಹುದೆಂದು ಅಲ್ಲಿನ ಕಾಯ್ದೆಯೇ ಒಪ್ಪುತ್ತದೆ. ಹಾಗಾಗಿ ಅರ್ಜಿ ಹೊರದಾರಿಯದು, ವಾಸ ಒಳಗೆ ಎಂಬ ಮಧ್ಯದ ಹಾದಿ ತೆರೆದುಕೊಂಡಿತು. ಮೇಲ್ಮನವಿಯ ಹಕ್ಕನ್ನೂ ಒಟ್ಟಿಗಿರುವುದನ್ನೂ ಕೆಲಸವನ್ನೂ ಜೊತೆಯಾಗಿ ಉಳಿಸಿಕೊಳ್ಳುವ ಇಂಥ ಅವಕಾಶ ಅಮೆರಿಕದ ವ್ಯವಸ್ಥೆಯಲ್ಲಿ ಇಲ್ಲ.

ಆದರೆ ಕೆನಡಾಕ್ಕೂ ತನ್ನದೇ ಒಂದು ಬಲೆ ಇದೆ. ಕಾಯಂ ನಿವಾಸಕ್ಕೆಂದು ಹಾಕಿದ ಪಿಆರ್ ಅರ್ಜಿ ನಡೆಯುತ್ತಿರುವಾಗ ಊರಿಗೆ ಬಂದು ಮದುವೆಯಾಗಿ, ತೊಂದರೆಯಾದೀತೆಂದು ಅದನ್ನು ತಿಳಿಸದೆ, ಒಂಟಿಯೆಂದೇ ಪಿಆರ್ ಪಡೆದವರು ಆಮೇಲೆ ಆ ಹೆಂಡತಿಯನ್ನು ಕುಟುಂಬ ವರ್ಗದಲ್ಲಿ ಸ್ಪಾನ್ಸರ್ ಮಾಡುವಂತಿಲ್ಲ. ವಲಸೆ ನಿಯಮಗಳ 117(9)(ಡಿ) ಕಲಮು ಅವಳನ್ನು ಕುಟುಂಬದ ಲೆಕ್ಕದಿಂದಲೇ ಹೊರಗಿಡುತ್ತದೆ. 2019ರಿಂದ ಒಂದು ವಿಶೇಷ ನೀತಿಯಡಿ ಕೆಲವರಿಗೆ ವಿನಾಯಿತಿ ಸಿಕ್ಕಿದೆ, ನಿಯಮ ಹೋಗಿಲ್ಲ. ಗಂಡ ಮುಚ್ಚಿಟ್ಟ ಒಂದು ಸಂಗತಿಗೆ ದಂಡ ತೆರುವವಳು ಫಾರ್ಮನ್ನೇ ನೋಡದ ಹೆಂಡತಿ.

ಬ್ರಿಟನ್ನಿನಲ್ಲಿ ತೂಗುವುದು ಮುಖ್ಯವಾಗಿ ದುಡ್ಡು. ಸಂಗಾತಿಯನ್ನು ಕರೆಸಿಕೊಳ್ಳುವವರಿಗೆ 2012ರಲ್ಲಿ ವರ್ಷಕ್ಕೆ 18,600 ಪೌಂಡ್ ಆದಾಯದ ಮಿತಿ ಬಂತು. 2024ರ ಏಪ್ರಿಲ್‌ನಲ್ಲಿ ಅದು 29,000ಕ್ಕೆ ಏರಿತು. ವಿಸಿಟರ್ ಆಗಿ ಹೋಗಿ ಅಲ್ಲೇ ದಂಪತಿ ವೀಸಾಕ್ಕೆ ಬದಲಾಯಿಸಿಕೊಳ್ಳಲು ಸಾಮಾನ್ಯವಾಗಿ ಬಿಡುವುದಿಲ್ಲ. ಅಮೆರಿಕ ತನ್ನ ಬಡತನ ರೇಖೆಯ 125 ಪ್ರತಿಶತ ಆದಾಯ ಕೇಳುತ್ತದೆ, ಸಾಲದಿದ್ದರೆ ಇನ್ನೊಬ್ಬರು ಜಾಮೀನು ನಿಲ್ಲಬಹುದು. ಕೆನಡಾ ಸಂಗಾತಿಯ ವಿಷಯದಲ್ಲಿ ಸಾಮಾನ್ಯವಾಗಿ ಕನಿಷ್ಠ ಆದಾಯವನ್ನೇ ಕೇಳುವುದಿಲ್ಲ, ಆದರೆ 3 ವರ್ಷ ನೋಡಿಕೊಳ್ಳುವ ಹೊಣೆ ಬರೆಸಿಕೊಳ್ಳುತ್ತದೆ.

ದೂರವಿದ್ದವರ ಪುರಾವೆ

ಯಾವ ದಾರಿಯಾದರೂ ಅಧಿಕಾರಿ ಕೇಳುವುದು ಒಂದೇ: ಈ ಮದುವೆ ನಿಜವೇ? ಒಟ್ಟಿಗಿರುವ ದಂಪತಿಯ ಬಳಿ ಜಂಟಿ ಬಾಡಿಗೆ ಕರಾರು, ಕರೆಂಟ್ ಬಿಲ್ಲು, ಇಬ್ಬರ ಹೆಸರಿನ ಬ್ಯಾಂಕ್ ಖಾತೆ ಇರುತ್ತವೆ. ಮದುವೆಯಾಗಿ ಮೂರು ವಾರಕ್ಕೆ ಗಂಡ ವಿಮಾನ ಹತ್ತಿದ ಜೋಡಿಯ ಬಳಿ ಇವು ಎಲ್ಲಿಂದ ಬರಬೇಕು? ಅವರ ಪುರಾವೆ ಲಗ್ನಪತ್ರಿಕೆ, ಛತ್ರದ ರಸೀದಿ, ಎರಡೂ ಕಡೆಯ ಹಿರಿಯರು ಕಾಣುವ ಧಾರೆಯ ಫೋಟೊಗಳು, ವಿಮಾನದ ಬೋರ್ಡಿಂಗ್ ಪಾಸುಗಳು, ಕರೆಗಳ ದಾಖಲೆ, ಹಣ ಕಳಿಸಿದ ಚೀಟಿಗಳು. ವೀಡಿಯೊ ಕರೆಯಲ್ಲೇ ಮದುವೆ ಮುಗಿಸಿದವರಿಗೆ ಇನ್ನೊಂದು ತೊಡಕು. ಗಂಡು ಹೆಣ್ಣು ಒಬ್ಬರೆದುರು ಒಬ್ಬರು ಇಲ್ಲದೆ ನಡೆದ ಮದುವೆಯನ್ನು, ಆಮೇಲೆ ದಾಂಪತ್ಯ ಆರಂಭವಾಗಿರದ ಹೊರತು, ಅಮೆರಿಕದ ವಲಸೆ ಕಾಯ್ದೆ ಮದುವೆಯೆಂದೇ ಎಣಿಸುವುದಿಲ್ಲ.

ಕರ್ನಾಟಕದ ಅರ್ಜಿಗಳು ಸಿಕ್ಕಿಕೊಳ್ಳುವ ಜಾಗಗಳು ಬೇರೆ. ಮೊದಲನೆಯದು ನೋಂದಣಿ. ದೇವಸ್ಥಾನದ ರಸೀದಿ ಸಾಲದು, ಸಬ್ ರಿಜಿಸ್ಟ್ರಾರ್ ಕಚೇರಿಯ ಪ್ರಮಾಣಪತ್ರವೇ ಬೇಕು. ಮದುವೆಯಾದ ವಾರದಲ್ಲಿ ಇಬ್ಬರೂ ಊರಿನಲ್ಲಿದ್ದಾಗಲೇ ಮಾಡಿಸಿಕೊಂಡರೆ ಸುಲಭ. ಅಂತರಧರ್ಮೀಯ ಜೋಡಿಗಳು 1954ರ ವಿಶೇಷ ವಿವಾಹ ಕಾಯ್ದೆಯಡಿ 30 ದಿನದ ನೋಟಿಸು ಕೊಡಬೇಕು. ಎರಡು ವಾರದ ರಜೆ ಹಾಕಿ ಬಂದವರಿಗೆ ಈ ಲೆಕ್ಕವೇ ಹೊಂದುವುದಿಲ್ಲ. ಎರಡನೆಯದು ಹೆಸರು. ಇನಿಷಿಯಲ್ ಹಿಡಿದು ಬಾಳುವ ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು, ಆಧಾರ್‌ನಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು ರೂಪ ಇರುವುದು ಮಾಮೂಲು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರ ಅಮೆರಿಕ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ಎಫ್‌ಎನ್‌ಯು ಎಂಬ ಮೂರಕ್ಷರ ಬಂದು ಕೂರುತ್ತದೆ, ಆಮೇಲೆ ಅದು ಡ್ರೈವಿಂಗ್ ಲೈಸೆನ್ಸಿನವರೆಗೂ ಬೆನ್ನು ಹತ್ತುತ್ತದೆ. ಅರ್ಜಿಗೆ ಮೊದಲೇ ಹೆಸರು ಸರಿಪಡಿಸಿಕೊಳ್ಳುವುದು ಎಷ್ಟೋ ತಿಂಗಳ ಅಲೆದಾಟ ಉಳಿಸುತ್ತದೆ. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದಾಗ ಸಂದರ್ಶನಕ್ಕೆ ಮುಂಬೈಗೆ ಹೋಗುವುದು ತಪ್ಪೀತೆಂದು ಹಲವರು ಹಿಗ್ಗಿದರು, ಆದರೆ ಅದು ವೀಸಾ ಸೇವೆಯಿಲ್ಲದೆ ಶುರುವಾದ ಕಚೇರಿ.

ಕಾಯುವುದರಿಂದ ಒಂದು ಸಣ್ಣ ಲಾಭವೂ ಉಂಟು. ಅಮೆರಿಕದಲ್ಲಿ ಇಳಿಯುವ ದಿನಕ್ಕೆ ಮದುವೆಯಾಗಿ 2 ವರ್ಷ ತುಂಬಿದ್ದರೆ ಷರತ್ತಿಲ್ಲದ 10 ವರ್ಷದ ಕಾರ್ಡೇ ಸಿಗುತ್ತದೆ. ತುಂಬದಿದ್ದರೆ 2 ವರ್ಷದ ಕಾರ್ಡ್. ಅದು ಮುಗಿಯುವ ಮೊದಲಿನ 90 ದಿನದೊಳಗೆ ಐ-751 ಹಾಕಿ ಸಂಸಾರ ನಡೆದಿದೆಯೆಂದು ಮತ್ತೆ ತೋರಿಸಬೇಕು. ವೀಸಾ ಕೈಗೆ ಬಂದಾಗ ಎರಡನೇ ವಾರ್ಷಿಕೋತ್ಸವಕ್ಕೆ ಇನ್ನೆರಡು ವಾರವಿದ್ದರೆ ವಿಮಾನದ ಟಿಕೆಟನ್ನು ತುಸು ಮುಂದೂಡುವುದೇ ಲೇಸು.

ಕಡತ ಯಾರ ಕೈಯಲ್ಲಿ

ಈ ದಾರಿಗಳಲ್ಲಿ ಹೆಚ್ಚಿನವಕ್ಕೆ ಸಮಾನವಾದ ಒಂದು ಗುಣವಿದೆ. ಅರ್ಜಿಯ ಒಡೆತನ ಕರೆಸಿಕೊಳ್ಳುವವರದು. ಐ-130 ಹಾಕಿದವರು ಅದನ್ನು ಹಿಂತೆಗೆದುಕೊಳ್ಳಲೂಬಹುದು. ಊರಿನಲ್ಲಿ ಅತ್ತೆ ಮನೆಯಲ್ಲೋ ತವರಿನಲ್ಲೋ ಕಾಯುತ್ತಿರುವ ಹೆಂಡತಿಗೆ ಕೇಸ್ ನಂಬರ್ ಗೊತ್ತಿಲ್ಲದ, ಅರ್ಜಿ ಹಾಕಿದ್ದಾನೋ ಇಲ್ಲವೋ ಎಂಬುದೇ ತಿಳಿಯದ ಪ್ರಕರಣಗಳು ರಾಷ್ಟ್ರೀಯ ಮಹಿಳಾ ಆಯೋಗದ ಎನ್‌ಆರ್‌ಐ ಘಟಕಕ್ಕೆ ಹೊಸವಲ್ಲ. ದೌರ್ಜನ್ಯ ಎಸಗುವ ಸಂಗಾತಿಯ ನೆರವಿಲ್ಲದೆ ತಾವೇ ಅರ್ಜಿ ಹಾಕಿಕೊಳ್ಳುವ ಹಕ್ಕನ್ನು ಅಮೆರಿಕದ 1994ರ ಮಹಿಳಾ ದೌರ್ಜನ್ಯ ತಡೆ ಕಾಯ್ದೆ ಕೊಟ್ಟಿತು. ಅಲ್ಲಿನ ನೆಲವನ್ನೇ ಮುಟ್ಟದೆ ಇಲ್ಲಿ ಕಾಯುತ್ತಿರುವವಳ ಕೈಗೆ ಅದು ಬಹುಮಟ್ಟಿಗೆ ಎಟುಕುವುದಿಲ್ಲ. ಅನಿವಾಸಿ ಮದುವೆಗಳ ನೋಂದಣಿ ಕಡ್ಡಾಯವಾಗಲಿ, ಪಾಸ್‌ಪೋರ್ಟಿನಲ್ಲಿ ವೈವಾಹಿಕ ವಿವರ ಬರಲಿ ಎಂದು ಭಾರತದ ಕಾನೂನು ಆಯೋಗ 2024ರ ಫೆಬ್ರುವರಿಯ 287ನೇ ವರದಿಯಲ್ಲಿ ಹೇಳಿದ್ದು ಇಂಥ ಮದುವೆಗಳನ್ನು ಕಣ್ಣಮುಂದಿಟ್ಟುಕೊಂಡೇ.

ನ್ಯಾಯಾಲಯದ ನೆರವನ್ನು ನೆಚ್ಚಿಕೊಳ್ಳುವುದೂ ಕಷ್ಟ. 2024ರ ಜೂನ್‌ನಲ್ಲಿ ಮುನ್ಯೋಸ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಪರದೇಶದ ಸಂಗಾತಿಯನ್ನು ದೇಶದೊಳಗೆ ಕರೆಸಿಕೊಳ್ಳುವುದು ಪ್ರಜೆಯ ಮೂಲಭೂತ ಹಕ್ಕಲ್ಲ ಎಂದಿತು. ಆ ಅರ್ಜಿದಾರಳ ಗಂಡ ಎಲ್ ಸಾಲ್ವಡಾರಿನವನು. ಅವನಿಗೆ ವೀಸಾ ನಿರಾಕರಿಸಿದ್ದಕ್ಕೆ ಮೊದಲು ಸಿಕ್ಕ ಕಾರಣ ಕಾನೂನಿನ ಒಂದು ಕಲಮಿನ ಸಂಖ್ಯೆಯಷ್ಟೇ. ಮದುವೆಯಾಗುವ ಹಕ್ಕು ಇದೆ, ಒಟ್ಟಿಗೆ ಬಾಳುವ ದೇಶವನ್ನು ಆರಿಸುವ ಹಕ್ಕಿಲ್ಲ ಎಂಬಲ್ಲಿಗೆ ಮಾತು ಬಂದು ನಿಂತಿದೆ. ಹಾಗಿರುವಾಗ ಮೊದಲ ಅರ್ಜಿಯ ದಾರಿಯನ್ನು ಸರಿಯಾಗಿ ಆರಿಸುವುದು ಇನ್ನಷ್ಟು ಮುಖ್ಯವಾಗುತ್ತದೆ.

ಮದುವೆ ಮಾತುಕತೆಯಲ್ಲಿ ಹುಡುಗ ಅಮೆರಿಕದಲ್ಲಿದ್ದಾನೆ, ಹುಡುಗಿ ಕೆನಡಾದಲ್ಲಿದ್ದಾಳೆ ಎಂಬಷ್ಟಕ್ಕೆ ಮನೆಯವರು ತೃಪ್ತರಾಗಬಾರದು. ಯಾವ ವೀಸಾ, ಗ್ರೀನ್ ಕಾರ್ಡ್ ಅಥವಾ ಪಿಆರ್ ಯಾವ ಹಂತದಲ್ಲಿದೆ, ಆ ಅರ್ಜಿಯಲ್ಲಿ ಮದುವೆಯ ವಿಷಯ ಏನೆಂದು ಬರೆದಿದೆ ಎಂದು ಕೇಳಿ ತಿಳಿಯಬೇಕು. ಮುಹೂರ್ತ ಇಡುವ ಮೊದಲೇ ಒಬ್ಬ ವಲಸೆ ವಕೀಲರಿಗೆ ದಿನಾಂಕಗಳನ್ನು ತೋರಿಸುವುದು ಅತಿಯಲ್ಲ. ಅರ್ಜಿ ಸಲ್ಲಿಸಿದ ರಸೀದಿ, ಕೇಸ್ ನಂಬರ್, ಖಾತೆಯ ಲಾಗಿನ್ ಇವುಗಳ ಪ್ರತಿ ಇಬ್ಬರ ಬಳಿಯೂ ಇರಬೇಕು.

ಇಷ್ಟಾದ ಮೇಲೂ ದಾರಿಯ ವಿಷಯದಲ್ಲಿ ಗಂಡ ಹೆಂಡಿರು ಒಮ್ಮತಕ್ಕೆ ಬರದಿರಬಹುದು. ಅಲ್ಲಿರುವವರಿಗೆ ಸಂಗಾತಿ ಬೇಗ ಬಂದರೆ ಸಾಕು. ಇಲ್ಲಿರುವವರಿಗೆ ಕೆಲಸ, ಹೆತ್ತವರು, ಮಗುವಿನ ಶಾಲೆ ಎಲ್ಲವೂ ತೂಕದ ವಿಷಯ. ಸಾಮಾನ್ಯವಾಗಿ ಫಾರ್ಮು ತುಂಬುವವರು, ಶುಲ್ಕ ಕಟ್ಟುವವರು, ವಕೀಲರ ಜೊತೆ ಮಾತಾಡುವವರು ಅಲ್ಲಿರುವವರೇ ಆದ್ದರಿಂದ ತೀರ್ಮಾನವೂ ಅವರದೇ ಆಗಿಬಿಡುತ್ತದೆ. ಆದರೆ ಕೆಲಸ ಬಿಡುವವರು, ಅನುಮತಿ ಬರುವ ತನಕ ಮನೆಯಲ್ಲಿ ಕೂರುವವರು, ಊರಿನ ಸಾವು ನೋವಿಗೆ ಬರಲಾಗದೆ ಉಳಿಯುವವರು ಅಲ್ಲಿಗೆ ಹೋಗುವವರು. ಕಾಯುವಿಕೆಯ ಬೆಲೆ ತೆರುವವರು ಅವರಾದ್ದರಿಂದ, ಯಾವ ದಾರಿ ಎಂಬ ಕೊನೆಯ ಮಾತೂ ಅವರದಾಗಬೇಕು.